ಉಸ್ತಾದರಿಗೆ ನಾನು ಕೊಡದ ಚಹಾ

1966ರಲ್ಲಿ ನಾನು ಶಾಲೆ ಬಿಟ್ಟೆ. ಆರನೆಯ ಕ್ಲಾಸು ಪಾಸಾಗಿತ್ತು. ಏಳನೆಯದಕ್ಕೆ ಸೇರಿಸುವ ಬದಲು ದೊಡ್ಡಪ್ಪ ನನ್ನನ್ನು ಮಲ್ಪೆಯಿಂದ ಬೊಂಬಾಯಿಗೆ ಕರೆದುಕೊಂಡು ಹೋಗಿ ಕೋಟೆ ಭಾಗದ ಒಂದು ಹೋಟೆಲಿನಲ್ಲಿ ಬಿಟ್ಟರು. ತಂತಿಯ ಬುಟ್ಟಿಯಲ್ಲಿ ಎಂಟು ಗ್ಲಾಸು ಚಹಾ ಇಟ್ಟುಕೊಂಡು ಆಫೀಸುಗಳ ಮೆಟ್ಟಿಲು ಹತ್ತುವುದು ನನ್ನ ಕೆಲಸ. ನಾಲ್ಕು ವರ್ಷ ಹತ್ತಿದೆ, ಇಳಿದೆ. ಆ ಕಟ್ಟಡಗಳಲ್ಲಿ ನನಗೆ ಹೆಸರೇ ಇರಲಿಲ್ಲ. "ಏ ಚಾಯ್" ಎಂದರೆ ನಾನು. ಕಡೆಗೆ ಅಡುಗೆಮನೆಯೊಳಗೆ ಸೇರಿಸಿಕೊಂಡ ದಿನ, ಇನ್ನು ಸಾಯುವವರೆಗೆ ಯಾರ ಮುಂದೆಯೂ ಚಹಾ ಹಿಡಿದು ನಿಲ್ಲುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಆ ಮಾತಿಗೆ ತಪ್ಪಲಿಲ್ಲ. ತಪ್ಪಬೇಕಾದ ಕಡೆಯೂ ತಪ್ಪಲಿಲ್ಲ.

ಈಗ ಇದನ್ನು ಬರೆಯಲು ಕಾರಣ ಒಂದು ತಗಡಿನ ಡಬ್ಬಿ. ಸಿಂಗಾಪುರ ಪ್ರವಾಸ ಮುಗಿಸಿ ಬಂದ ಮಗಳು ಕಳೆದ ತಿಂಗಳು ಅದನ್ನು ಮೇಜಿನ ಮೇಲಿಟ್ಟು, "ಅಪ್ಪಾ, ಇದು ನಿಮಗೆ" ಎಂದಳು. ಮುಚ್ಚಳ ತೆಗೆದೆ. ಮಲ್ಲಿಗೆ ಬೆರೆಸಿದ ಚೀನಾದ ಚಹಾ ಎಲೆ. ನಮ್ಮ ಹೆಂಗಸರ ಮುಡಿಯ ಮಲ್ಲಿಗೆಯ ಪರಿಮಳ ಅಲ್ಲ ಅದು. ಒಣಗಿದ, ತುಸು ಹಳೆಯ ಪೆಟ್ಟಿಗೆಯಂಥ ವಾಸನೆ. ಕುವೈತಿನಲ್ಲಿ, ಹವಲ್ಲಿಯ ಆ ಹೋಟೆಲಿನಲ್ಲಿ ಮಧ್ಯಾಹ್ನ ನಾಲ್ಕು ಗಂಟೆಗೆ ಬರುತ್ತಿದ್ದ ವಾಸನೆ. ಮಗಳು ಸಿಂಗಾಪುರದ ಬಗ್ಗೆ ಏನೋ ಹೇಳುತ್ತಿದ್ದಳು. ನನ್ನ ತಲೆಗೆ ಒಂದೂ ಹೋಗಲಿಲ್ಲ...

ನಾನು ಕುವೈತಿಗೆ ಹೋದದ್ದು 1977ರಲ್ಲಿ. ಬೊಂಬಾಯಿಯಲ್ಲಿ ಅಷ್ಟರೊಳಗೆ ಮೂರು ಅಡುಗೆಮನೆ ದಾಟಿದ್ದೆ, ಕಡೆಯದು ಚೈನೀಸ್. ಅದೇ ಕೆಲಸದ ಮೇಲೆ ವೀಸಾ ಬಂತು. ಹವಲ್ಲಿಯ ಹಳೆಯ ಫ್ಲ್ಯಾಟುಗಳ ಕಟ್ಟಡವೊಂದರ ಕೆಳಗೆ ಹೋಟೆಲು, ಮೇಲಿನ ಮಹಡಿಯಲ್ಲಿ ನಮ್ಮ ರೂಮುಗಳು. ಬಾಗಿಲಲ್ಲಿ ಕೆಂಪು ಕಾಗದದ ಬುಟ್ಟಿದೀಪ, ಒಳಗೆ ಹದಿನಾಲ್ಕು ಮೇಜು. ಮಾಲೀಕ ಕುವೈತಿ, ನಮ್ಮೆಲ್ಲರ ವೀಸಾ ಅವನ ಹೆಸರಲ್ಲೇ ಇದ್ದುದರಿಂದ ಅವನೇ ನಮ್ಮ ಕಫೀಲ್. ಎಲ್ಲೋ ಹೊರದೇಶದಲ್ಲಿ ಚೈನೀಸ್ ಊಟ ಮಾಡಿ ರುಚಿ ಹತ್ತಿ, ಊರಿಗೆ ಬಂದು ಹೋಟೆಲೇ ಇಟ್ಟುಬಿಟ್ಟ ಮನುಷ್ಯ. ಅಡುಗೆಮನೆಯ ಯಜಮಾನರು ಮಾತ್ರ ಒಬ್ಬರು ಚೀನೀಯರು. ಅವರನ್ನು ನಾವೆಲ್ಲ ಉಸ್ತಾದ್ ಎನ್ನುತ್ತಿದ್ದೆವು.

ಉಸ್ತಾದರಿಗೆ ಆಗ ಐವತ್ತರ ಆಸುಪಾಸು. ಗಿಡ್ಡ ಆಳು, ಎರಡು ಮುಂಗೈ ತುಂಬ ಎಣ್ಣೆ ಸಿಡಿದ ಕಲೆ. ಹುಟ್ಟಿದ್ದು ಕಲ್ಕತ್ತಾ, ಬೆಳೆದದ್ದು ಡಾರ್ಜಿಲಿಂಗ್ ಕಡೆ. ಹಿಂದಿ ಮಾತಾಡುತ್ತಿದ್ದರು, ಅದು ಬಂಗಾಳಿಯ ಹಾಗೆ ಕೇಳುತ್ತಿತ್ತು. ಚೀನಾವನ್ನು ಕಣ್ಣಿಂದ ನೋಡಿದವರೇ ಅಲ್ಲ. ಚೀನಾ ಯುದ್ಧದ ಸಮಯದಲ್ಲಿ ಅವರ ಮನೆಯವರನ್ನೆಲ್ಲ ರೈಲು ಹತ್ತಿಸಿ ರಾಜಸ್ಥಾನದ ಒಂದು ಕ್ಯಾಂಪಿನಲ್ಲಿ ಇಟ್ಟಿದ್ದರಂತೆ. ಇದನ್ನು ಅವರು ನನಗೆ ಹೇಳಲಿಲ್ಲ. ಬೀಕಾಮನಿಗೆ ಹೇಳಿದರು. ನನಗಿಂತ ನಾಲ್ಕು ವರ್ಷ ತಡವಾಗಿ ಬಂದ ಬೀಕಾಮನಿಗೆ!

ಬೀಕಾಮನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೋಟೆಲು ಮಧ್ಯಾಹ್ನ ಮೂರೂವರೆಗೆ ಮುಚ್ಚಿ ಆರಕ್ಕೆ ತೆರೆಯುತ್ತಿತ್ತು. ಆ ಹೊತ್ತಿನಲ್ಲಿ ಉಸ್ತಾದ್ ಹೊಸಬರಿಗೆ ಪಾಠ ಹೇಳುತ್ತಿದ್ದರು. ಹೊಸ ವೇಟರ್ ಬರಲಿ, ಪಾತ್ರೆ ತೊಳೆಯುವವ ಬರಲಿ, ಆ ದೇಶದಲ್ಲಿರಲು ಬೇಕಾದ ಪರವಾನಗಿ, ಇಕಾಮಾ, ಕೈಗೆ ಸಿಕ್ಕ ವಾರವೇ ಅವನನ್ನು ದುಂಡು ಮೇಜಿನ ಮುಂದೆ ಕೂರಿಸಿ ಮಲ್ಲಿಗೆ ಚಹಾ ಬಸಿದು ಶುರು ಮಾಡುತ್ತಿದ್ದರು. ತಾನು ಮಾರುವ ಅಡುಗೆ ಯಾವ ಮನೆಯದು ಎಂದು ಗೊತ್ತಿಲ್ಲದವನು ಅದನ್ನು ಮೇಜಿಗೆ ತರಬಾರದು ಎಂಬುದು ಅವರ ಹಟ. ಅನ್ನದ ಬಟ್ಟಲಲ್ಲಿ ಊಟದ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿಡಬಾರದು, ಅದು ಸತ್ತವರ ಮುಂದೆ ಊದುಬತ್ತಿ ಹಚ್ಚಿಟ್ಟ ಹಾಗೆ. ಟೀಪಾಟಿನ ಮೂತಿ ಯಾರ ಕಡೆಗೂ ತಿರುಗಿರಬಾರದು. ಯಾರಾದರೂ ಕಪ್ಪಿಗೆ ಚಹಾ ಬಸಿದರೆ ಬಾಯಲ್ಲಿ ಥ್ಯಾಂಕ್ಸ್ ಹೇಳುವ ಬದಲು ಎರಡು ಬೆರಳಿಂದ ಮೇಜನ್ನು ಮೆಲ್ಲಗೆ ತಟ್ಟಬೇಕು. ಹಿರಿಯರು ಕಡ್ಡಿ ಎತ್ತುವವರೆಗೆ ಕಿರಿಯರು ಎತ್ತಬಾರದು.

ನಾನು ಆ ಪಾಠಕ್ಕೆ ಕೂತವನಲ್ಲ. ನಾನು ಬಂದಾಗ ಉಸ್ತಾದ್ ಕರೆದಿದ್ದರು. "ನನಗೆ ಕೆಲಸ ಗೊತ್ತಿದೆ ಉಸ್ತಾದ್" ಎಂದು ಮೇಲೆ ಹೋಗಿ ಮಲಗಿದ್ದೆ. ಶಾಲೆ ಬಿಟ್ಟವನಿಗೆ ಬೆಂಚಿನ ಮೇಲೆ ಕೂತು ಪಾಠ ಕೇಳುವುದೆಂದರೆ ಒಂಥರಾ. ನಾನು ನೋಡಿ ಕಲಿಯುವವನು. ಉಸ್ತಾದ್ ಬಾಣಲೆ ಎತ್ತುವಾಗ ಮಣಿಕಟ್ಟು ಯಾವ ಕಡೆ ತಿರುಗುತ್ತದೆ, ಸಾಸ್ ಹಾಕುವ ಮುಂಚೆ ಎಷ್ಟು ಉಸಿರು ಕಾಯುತ್ತಾರೆ, ಎಲ್ಲ ಕಳ್ಳನ ಹಾಗೆ ನೋಡಿ ಕಲಿತೆ. ಎರಡು ವರ್ಷದಲ್ಲಿ ಎರಡನೆಯ ಭಟ್ಟಿ, ಉಸ್ತಾದರ ಪಕ್ಕದ ದೊಡ್ಡ ಒಲೆ, ನನಗೆ ಸಿಕ್ಕಿತು.

ಒಮ್ಮೆ ಮಾತ್ರ ಪಾಠದ ನಡುವೆ ಬಾಯಿ ಹಾಕಿದ್ದೆ. ಇಡೀ ಮೀನು ತಟ್ಟೆಯಲ್ಲಿದ್ದಾಗ ಮೇಲಿನ ಹೋಳು ತಿಂದಾದ ಮೇಲೆ ಮೀನನ್ನು ಮಗುಚಬಾರದು, ನಡುವಿನ ಮುಳ್ಳು ಎತ್ತಿಟ್ಟು ಕೆಳಗಿನದನ್ನು ತಿನ್ನಬೇಕು, ಮಗುಚಿದರೆ ಎಲ್ಲೋ ಒಂದು ದೋಣಿ ಮಗುಚುತ್ತದೆ ಎಂದು ಉಸ್ತಾದ್ ಹೇಳುತ್ತಿದ್ದರು. ಹೊಸಬರು ಕಿಸಕ್ಕನೆ ನಕ್ಕರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತವನು ಹೇಳಿದೆ: "ಎಂತ ನಗುವುದು? ನನ್ನಪ್ಪ ಕಡಲಲ್ಲಿರುವಾಗ ನಮ್ಮಜ್ಜಿ ಮನೆಯಲ್ಲಿ ಒಂದು ಬಟ್ಟಲನ್ನೂ ಕವುಚಿ ಹಾಕಲು ಬಿಡುತ್ತಿರಲಿಲ್ಲ." ಉಸ್ತಾದ್ ತಲೆಯೆತ್ತಿ ನನ್ನನ್ನು ನೋಡಿದರು. "ತೂ ಸಮ್ಝಾ" ಎಂದರು, ನಿನಗೆ ಅರ್ಥವಾಯಿತು ಎಂದು. ಅಷ್ಟೇ. ಆ ಎರಡು ಶಬ್ದವನ್ನು ನಾನು ಎಷ್ಟು ತಿಂಗಳು ಚೀಪಿದೆನೋ...

ಅಲ್ಲಿಂದ ನನಗೊಂದು ಆಸೆ ಹುಟ್ಟಿತು. ಉಸ್ತಾದರು ಒಂದು ದಿನ ನಾಲ್ಕು ಜನರ ಮುಂದೆ "ಇವನು ನನ್ನ ಶಿಷ್ಯ" ಎನ್ನಬೇಕು. ಸಂಬಳ ಅಲ್ಲ, ಭಟ್ಟಿ ಅಲ್ಲ. ಆ ಒಂದು ಮಾತು. ಅವರಿಗೆ ಹೆಂಡತಿ ಮಕ್ಕಳಿರಲಿಲ್ಲ. ಅವರ ಅಪ್ಪನಿಂದ ಬಂದ ಅಗಲದ ಚೀನಾ ಅಡುಗೆ ಕತ್ತಿಯೊಂದನ್ನು ಬಟ್ಟೆ ಸುತ್ತಿ ಇಟ್ಟುಕೊಂಡಿದ್ದರು. ಅದನ್ನು ಯಾರಿಗಾದರೂ ಕೊಟ್ಟೇ ಹೋಗುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ನನ್ನನ್ನು ಬಿಟ್ಟರೆ ಇನ್ನಾರಿಗೆ ಎಂದು ನಾನು ಅಂದುಕೊಂಡಿದ್ದೆ.

ಹೀಗಿರುವಾಗ 1981ರಲ್ಲಿ ಬೀಕಾಂ ಬಂದ.

ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ ಹುಡುಗ, ಇಪ್ಪತ್ತನಾಲ್ಕು ವಯಸ್ಸು, ಕಾಲೇಜು ಮುಗಿಸಿದವನು. ಆಫೀಸಿನ ಕೆಲಸವೆಂದು ಹೇಳಿ ಏಜೆಂಟನೊಬ್ಬ ವೇಟರ್ ವೀಸಾದ ಮೇಲೆ ಕಳಿಸಿದ್ದ. ಮೊದಲ ದಿನ ಯಾರೋ "ಎಷ್ಟು ಓದಿದ್ದೀ?" ಎಂದು ಕೇಳಿದಾಗ "ಬಿಕಾಂ" ಎಂದದ್ದೇ ತಪ್ಪಾಯಿತು, ಅದೇ ಅವನ ಹೆಸರಾಯಿತು. ಅವನು ನನ್ನನ್ನು ಅಣ್ಣಾ ಎಂದು ಕರೆಯುತ್ತಿದ್ದ. ಇಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ಹುಡುಗ ಪಾಠಕ್ಕೆ ಕೂತ. ಒಂದು ವಾರವಲ್ಲ, ಎರಡು ವರ್ಷ ಕೂತ. ಉಳಿದವರು ತೂಕಡಿಸುತ್ತಿದ್ದರೆ ಇವನು ಕೇಳಿದ್ದಕ್ಕೆಲ್ಲ ಇನ್ನೊಂದು ಕೇಳುತ್ತಿದ್ದ. ಕೆಂಪು ಯಾಕೆ? ಹೊಸವರ್ಷದ ದಿನ ಕಸ ಗುಡಿಸಬಾರದು ಯಾಕೆ? ಕಲ್ಕತ್ತಾದ ಚೀನೀ ಶಾಲೆಯಲ್ಲಿ ಏನು ಕಲಿಸುತ್ತಿದ್ದರು? ಆರ್ಡರ್ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಎಲ್ಲವನ್ನೂ ಗೀಚಿಕೊಳ್ಳುತ್ತಿದ್ದ. ಉಸ್ತಾದರ ಮುಖ ನೋಡಬೇಕಿತ್ತು ಆಗ. ಭಟ್ಟಿಯ ಮುಂದೆ ದಿನವಿಡೀ ಹತ್ತು ಮಾತಾಡದ ಮನುಷ್ಯ, ಅವನ ಮುಂದೆ ಕೂತರೆ ಅಜ್ಜಿಯ ಹಾಗೆ ಕಥೆ ಬಿಚ್ಚುತ್ತಿದ್ದರು. ನಾನು ಮೇಲೆ ಹೋಗಿ ಮಲಗುವುದನ್ನು ಬಿಟ್ಟೆ. ಅಡುಗೆಮನೆಯಲ್ಲೇ ಉಳಿದು ನಾಳೆಗೆ ಬೇಕಾದ ಈರುಳ್ಳಿಯನ್ನು ಇವತ್ತೇ ಹೆಚ್ಚಿದೆ. ಜೋರಾಗಿ ಹೆಚ್ಚಿದೆ, ಅವರ ಮಾತು ನನಗೆ ಕೇಳದ ಹಾಗೆ. ಒಮ್ಮೊಮ್ಮೆ ಮೆಲ್ಲಗೆ ಹೆಚ್ಚಿದೆ, ಕೇಳುವ ಹಾಗೆ.

ಕ್ರಮೇಣ ಗಿರಾಕಿಗಳಿಗೂ ಬೀಕಾಂ ಬೇಕಾದ. ಆಗೆಲ್ಲ ಜನಕ್ಕೆ ಚೈನೀಸ್ ಎಂದರೆ ಹೊಸತು. ಕುವೈತಿ ಹುಡುಗರು ವಿಡಿಯೋ ಕ್ಯಾಸೆಟ್ಟಿನಲ್ಲಿ ಹಾಂಕಾಂಗಿನ ಹೊಡೆದಾಟ ನೋಡಿ ಬಂದು, ಉಸ್ತಾದರನ್ನು ಹೊರಗೆ ಕರೆಸಿ, ಒಂದು ಇಟ್ಟಿಗೆ ಒಡೆದು ತೋರಿಸಿ ಎನ್ನುತ್ತಿದ್ದರು. ಉಸ್ತಾದ್ ಕೈಯಲ್ಲಿದ್ದ ಎಲೆಕೋಸು ತೋರಿಸಿ, "ಇದನ್ನು ಒಡೆಯುತ್ತೇನೆ, ಬೇಕಾ?" ಎನ್ನುತ್ತಿದ್ದರು. ಶುಕ್ರವಾರಗಳಲ್ಲಿ ನಮ್ಮ ಕಡೆಯ ಡಾಕ್ಟರು, ಇಂಜಿನಿಯರುಗಳ ಸಂಸಾರ ಬರುತ್ತಿತ್ತು. ಮೈಸೂರಿನ ಡಾಕ್ಟರೊಬ್ಬರ ಹೆಂಡತಿ ಮೊದಲ ಸಲ ಬಂದಾಗ ಸೂಪನ್ನು ಮೂಸಿ, "ರೀ, ಇದ್ರಲ್ಲಿ ಕಪ್ಪೆ ಗಿಪ್ಪೆ ಇರಲ್ಲ ತಾನೇ?" ಎಂದು ಪಿಸುಗುಟ್ಟಿದ್ದು ಬೀಕಾಮನಿಗೆ ಕೇಳಿಸಿತು.

"ಇಲ್ಲ ಅಮ್ಮಾ, ಕಪ್ಪೆಗೆ ಇನ್ನೂ ಇಕಾಮಾ ಆಗ್ಲಿಲ್ಲ" ಎಂದ.

ಮೇಜಿಗೆ ಮೇಜೇ ನಕ್ಕಿತು. ಆಮೇಲೆ ಅವನು ಅವರ ಮಕ್ಕಳಿಗೆ ಕಡ್ಡಿ ಹಿಡಿಯಲು ಕಲಿಸಿದ, ದುಂಡು ಮೇಜು ಯಾಕೆ ದುಂಡು ಎಂದು ಹೇಳಿದ, ಎರಡು ಬೆರಳು ತಟ್ಟಿಸಿದ. ಹೋಗುವಾಗ ಡಾಕ್ಟರು ಅವನ ಬೆನ್ನು ತಟ್ಟಿ, "ಊಟ ಬಹಳ ಚೆನ್ನಾಗಿತ್ತು ಕಣಯ್ಯಾ" ಎಂದರು. ಅಡುಗೆ ಮಾಡಿದವನು ನಾನು. ಬಾಗಿಲ ಸಂದಿನಲ್ಲಿ ಬೆವರು ಒರೆಸುತ್ತಾ ನಿಂತಿದ್ದೆ.

ಹೀಗೆ ಎಷ್ಟು ದಿನ ತಡೆದುಕೊಳ್ಳುವುದು? 1983ರ ಫೆಬ್ರವರಿಯ ಮೊದಲಿಗೆ ಒಂದು ದಿನ ಆರ್ಡರ್ ತಡವಾಯಿತೆಂದು ಬೀಕಾಂ ಅಡುಗೆಮನೆಗೆ ಬಂದು, "ಅಣ್ಣಾ, ಏಳನೇ ಮೇಜಿನ ನೂಡಲ್ಸ್ ಆಯ್ತಾ?" ಎಂದ. ಮಾಮೂಲಿ ಮಾತು. ನಾನು ಸೌಟು ಕುಕ್ಕಿ, ಗಿರಾಕಿಗಳಿಗೆ ಕೇಳುವ ಹಾಗೆ, "ನಿನ್ನ ಕಥೆ ಮುಗಿದರೆ ನನ್ನ ನೂಡಲ್ಸ್ ಆಗುತ್ತದೆ. ಕಾಲೇಜಿನವ ನೀನು, ಹೋಗಿ ಭಾಷಣ ಮಾಡು" ಎಂದು ಕೂಗಿದೆ. ಹತ್ತಿರದ ಮೇಜಿನವರು ಕತ್ತು ತಿರುಗಿಸಿದರು. ಬೀಕಾಂ ಕೆಂಪಗಾಗಿ ಹೊರಟುಹೋದ. ಉಸ್ತಾದ್ ಬಾಣಲೆಯಿಂದ ಕಣ್ಣೆತ್ತಲಿಲ್ಲ.

ಮೂರು ದಿನ ಬಿಟ್ಟು ಉಸ್ತಾದ್ ನನ್ನ ಪಕ್ಕ ಬಂದು ನಿಂತು ಹಿಂದಿಯಲ್ಲಿ ಹೇಳಿದರು: "ಮುಂದಿನ ವಾರ ನಮ್ಮ ಹೊಸವರ್ಷ. ಈ ಸಲ ನೀನು ನನಗೆ ಚಹಾ ಕೊಡು. ಎಲ್ಲರ ಮುಂದೆ."

ಕೂಗಾಡಿದ್ದಕ್ಕೆ ಶಿಕ್ಷೆ ಎಂದುಕೊಂಡೆ. ಎಲ್ಲರ ಮುಂದೆ ನನ್ನನ್ನು ಮತ್ತೆ "ಏ ಚಾಯ್" ಮಾಡಲು ಹೊರಟಿದ್ದಾರೆ ಎಂದುಕೊಂಡೆ. ಯಾಕೆ ಎಂದು ಒಂದು ಮಾತು ಕೇಳಲಿಲ್ಲ. ಅವರೂ ವಿವರಿಸಲಿಲ್ಲ. ನಿನ್ನೆ ಮೊನ್ನೆ ಬಂದ ಪಾತ್ರೆ ತೊಳೆಯುವವನಿಗೂ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದವರು ನನಗೆ ಹೇಳಲಿಲ್ಲ. ಆರು ವರ್ಷ ಜೊತೆಗಿದ್ದವನಿಗೆ ಗೊತ್ತೇ ಇರುತ್ತದೆ ಎಂದುಕೊಂಡರೋ ಏನೋ...

ಹಬ್ಬದ ದಿನ ಹೋಟೆಲಿಗೆ ಮಧ್ಯಾಹ್ನ ರಜೆ. ನಾವೇ ಹನ್ನೊಂದು ಜನ, ಜೊತೆಗೆ ಕಫೀಲ್. ಇಡೀ ಹಮೂರ್ ಮೀನನ್ನು ಶುಂಠಿ ಹಾಕಿ ಹಬೆಯಲ್ಲಿ ಬೇಯಿಸಿದ್ದೆ. ಅತಿಥಿಗೆ ಮರ್ಯಾದೆಯೆಂದು ಮೀನಿನ ತಲೆಯನ್ನು ಕಫೀಲನ ಕಡೆಗೆ ತಿರುಗಿಸಿ ಇಟ್ಟಿದ್ದೆವು. ಉಸ್ತಾದ್ ಹೊಸ ಬಿಳಿ ಅಂಗಿ ತೊಟ್ಟು, ಮೇಜಿನಿಂದ ಸ್ವಲ್ಪ ದೂರ ಗೋಡೆಯ ಹತ್ತಿರ ಒಂದು ಕುರ್ಚಿ ಹಾಕಿಸಿಕೊಂಡು ಕೂತರು. ಗೋಡೆಯ ಮೇಲೆ ಅವರ ಅಪ್ಪನ ಫೋಟೋ. ಪಕ್ಕದ ಸ್ಟೂಲಿನ ಮೇಲೆ ಟೀಪಾಟು, ಒಂದೇ ಒಂದು ಕಪ್ಪು, ಒಂದು ಕೆಂಪು ಲಕೋಟೆ, ಬಟ್ಟೆ ಸುತ್ತಿದ ಒಂದು ಅಗಲದ ವಸ್ತು. ಕೈ ಎರಡನ್ನೂ ಮೊಣಕಾಲ ಮೇಲಿಟ್ಟುಕೊಂಡು ನನ್ನನ್ನು ನೋಡಿದರು.

ಎಲ್ಲರೂ ನನ್ನನ್ನೇ ನೋಡಿದರು.

ನಾನು ಏಪ್ರನ್ನಿಗೆ ಕೈ ಒರೆಸಿಕೊಂಡೆ. ಒರೆಸಿಕೊಂಡು, "ಏ ಬೀಕಾಂ, ಉಸ್ತಾದರಿಗೆ ಚಹಾ ಕೊಡೋ" ಎಂದೆ.

ಬೀಕಾಂ ಟೀಪಾಟಿನ ಕಡೆಗೆ ಹೋಗಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ, "ಅಣ್ಣಾ, ನೀವೇ ಕೊಡಿ. ಇದು ಬೇರೆ ಥರದ್ದು" ಎಂದ.

ಇಷ್ಟು ವರ್ಷ ಈ ಸಂಗತಿಯನ್ನು ಹೆಂಡತಿಗೆ, ಗೆಳೆಯರಿಗೆ ಎಷ್ಟೋ ಸಲ ಹೇಳಿದ್ದೇನೆ. ಬೀಕಾಂ ಹೇಳಿದ ಈ ಮಾತನ್ನು ಪ್ರತಿ ಸಲವೂ ಬಿಟ್ಟಿದ್ದೇನೆ. ಇವತ್ತು ಬರೆಯುತ್ತಿದ್ದೇನೆ. ಅವನು ಹೇಳಿದ. ನನಗೆ ಸ್ಪಷ್ಟವಾಗಿ ಕೇಳಿಸಿತು. ಅವನ ಬಾಯಿಂದ ಬಂತು ಎಂಬ ಒಂದೇ ಕಾರಣಕ್ಕೆ ಅದು ನನಗೆ ವಿಷವಾಯಿತು.

"ನನಗೆ ಕಲಿಸಲು ಬರಬೇಡ. ಚಹಾ ಕೊಡುವುದು ವೇಟರ್ ಕೆಲಸ. ಯಲ್ಲಾ, ಬೇಗ ಕೊಡು" ಎಂದೆ.

"ತೂ ನಹೀ ಲಾಯೇಗಾ?" ಎಂದರು ಉಸ್ತಾದ್. ನೀನು ತರುವುದಿಲ್ಲವೇ?

"ನಾನು ಅಡುಗೆಯವನು ಉಸ್ತಾದ್."

ಅವರು ಫೋಟೋದ ಕಡೆಗೊಮ್ಮೆ ನೋಡಿದರು. ಕಫೀಲ್ ಗಡಿಯಾರ ನೋಡಿಕೊಂಡ. ಆಮೇಲೆ ಬೀಕಾಂ ಹೋದ. ಟೀಪಾಟು ಎತ್ತಿ, ಕಪ್ಪಿಗೆ ಬಸಿದು, ಎರಡೂ ಕೈಯಲ್ಲಿ ಹಿಡಿದು, ಅವರ ಮುಂದೆ ಎರಡೂ ಮೊಣಕಾಲೂರಿದ. ಇಗರ್ಜಿಯಲ್ಲಿ ಮೊಣಕಾಲೂರಿ ಅಭ್ಯಾಸವಿದ್ದವನು, ಸಲೀಸಾಗಿ ಊರಿದ. ಉಸ್ತಾದ್ ಕಪ್ಪು ತೆಗೆದುಕೊಳ್ಳದೆ ಇನ್ನೊಮ್ಮೆ ನನ್ನನ್ನು ನೋಡಿದರು. ನಾನು ಮೀನಿನ ತಟ್ಟೆಯನ್ನು ಸರಿ ಮಾಡುತ್ತಿದ್ದೆ, ಸರಿಯಾಗಿಯೇ ಇದ್ದುದನ್ನು.

ಅವರು ಚಹಾ ಕುಡಿದರು. ಪೂರ್ತಿ ಕುಡಿದು ಕಪ್ಪನ್ನು ಕೆಳಗಿಟ್ಟು ಕೆಂಪು ಲಕೋಟೆ ಕೊಟ್ಟರು. ಬಟ್ಟೆ ಬಿಚ್ಚಿ ಅಪ್ಪನ ಕತ್ತಿಯನ್ನು ಅವನ ಅಂಗೈಗಳ ಮೇಲೆ ಇಟ್ಟರು. ನಮ್ಮ ಕಡೆಗೆ ತಿರುಗಿ, "ಇವತ್ತಿನಿಂದ ಇವನು ನನ್ನ ಶಿಷ್ಯ" ಎಂದರು.

ನಾಲ್ಕಲ್ಲ, ಹನ್ನೊಂದು ಜನರ ಮುಂದೆ ಎಂದರು.

ಅವರ ಪದ್ಧತಿಯಲ್ಲಿ ಕಸುಬು ಕಲಿಸುವ ಗುರುವನ್ನು ಹಿಡಿಯುವುದು ಹೀಗಂತೆ. ಮೊಣಕಾಲೂರಿ ಚಹಾ ಕೊಡಬೇಕು. ಗುರು ಆ ಚಹಾ ಕುಡಿದರೆ ಶಿಷ್ಯನಾದ ಹಾಗೆ. ಅಲ್ಲಿಯವರೆಗೆ ಎಷ್ಟೇ ವರ್ಷ ಪಕ್ಕದಲ್ಲಿ ನಿಂತು ಬೇಯಿಸಿದರೂ ಅವನು ಕೆಲಸದವನು. ಇದನ್ನು ಮಾರನೆಯ ದಿನ ಪಾತ್ರೆ ತೊಳೆಯುವವನು ನನಗೆ ಹೇಳಿದ. ಅವನಿಗೂ ಗೊತ್ತಿತ್ತು, ಪಾಠಕ್ಕೆ ಕೂತಿದ್ದ. "ನಿಮಗೆ ಗೊತ್ತಿರಲಿಲ್ವಾ ಭಾಯಿ?" ಎಂದು ಅವನು ಕೇಳಿದ ಧ್ವನಿ ಇನ್ನೂ ಕಿವಿಯಲ್ಲಿದೆ. "ಗೊತ್ತಿತ್ತು" ಎಂದೆ.

ಬೀಕಾಂ ಆ ವಾರವೇ ವೇಟರ್ ಕೆಲಸ ಬಿಟ್ಟು ಅಡುಗೆಮನೆಗೆ ಬಂದ, ಉಸ್ತಾದರ ಎಡಗಡೆಗೆ. ಅವನಿಗೆ ಬಾಣಲೆ ಎತ್ತಲು ಬರುತ್ತಿರಲಿಲ್ಲ. ಎತ್ತಿದರೆ ಅರ್ಧ ಅನ್ನ ಒಲೆಗೆ. ನನಗೆ ಅದನ್ನು ನೋಡುವುದೇ ಹಬ್ಬ. ಒಂದು ದಿನ ಬೆಂಕಿಯ ಮೇಲೆ ಬಹಳ ಹೊತ್ತು ಬಿಟ್ಟಿದ್ದ ಬಾಣಲೆಯ ಹಿಡಿಗೆ ಅವನು ಬರಿಗೈ ಹಾಕಲು ಹೋದ. ನಾನು ನೋಡಿದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು... ಹೇಳಲಿಲ್ಲ. ಅಂಗೈ ಸುಟ್ಟುಕೊಂಡ. ಉಸ್ತಾದ್ ಅವನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ನಿಂತಾಗ, ಸಣ್ಣ ಮಗುವಿಗೆ ಹೇಳುವ ಹಾಗೆ ಏನೇನೋ ಹೇಳುತ್ತಿದ್ದರು. ನನ್ನ ಮುಂಗೈಯಲ್ಲೂ ಕಲೆಗಳಿದ್ದವು, ಅವರದ್ದರಷ್ಟೇ. ಯಾವುದನ್ನೂ ಯಾರೂ ನಲ್ಲಿಗೆ ಹಿಡಿದಿರಲಿಲ್ಲ.

ಆ ಬೇಸಿಗೆಗೆ ಮುಂಚೆ ಚೀನಾದಿಂದ ಕಟ್ಟಡ ಕೆಲಸದವರು ಬಂದಿದ್ದರು. ಶುಕ್ರವಾರ ನೀಲಿ ಬಟ್ಟೆ ತೊಟ್ಟು ಸಾಲಾಗಿ ಪೇಟೆಯಲ್ಲಿ ನಡೆಯುತ್ತಿದ್ದರು. ಒಂದು ದಿನ ಅವರಲ್ಲಿ ಮೂವರು ನಮ್ಮ ಕೆಂಪು ದೀಪ ನೋಡಿ ಒಳಗೆ ಬಂದರು. ಉಸ್ತಾದ್ ಏಪ್ರನ್ ಬಿಚ್ಚಿ ಹೊರಗೆ ಓಡಿದರು. ಅಂಥ ಓಟ ನಾನು ಕಂಡಿರಲಿಲ್ಲ. ಆದರೆ ಅವರ ಭಾಷೆ ಇವರಿಗೆ ತಿಳಿಯದು, ಇವರ ಭಾಷೆ ಅವರಿಗೆ ತಿಳಿಯದು. ಕಡೆಗೆ ಬಿಲ್ಲಿನ ಹಿಂಭಾಗದಲ್ಲಿ ಚೀನೀ ಅಕ್ಷರ ಬರೆದು ತೋರಿಸಿಕೊಂಡು ಮಾತಾಡಿದರು. ಬರೆದರೆ ಇಬ್ಬರಿಗೂ ಅರ್ಥವಾಗುತ್ತಿತ್ತು. ಈ ಸಲ ಹೊಸಬರು ಯಾರು, ಪಾಠ ಹೇಳುವವರು ಯಾರು ಎಂದು ಹೇಳುವುದೇ ಕಷ್ಟ. ಅವರ ಊರಲ್ಲಿ ಈಗ ಟೀವಿ ಬಂದಿದೆ, ಹೊಲವನ್ನು ಮನೆಮನೆಗೆ ಹಂಚಿದ್ದಾರೆ, ಒಂದೇ ಮಗು ಸಾಕು ಎಂದಿದ್ದಾರೆ... ಉಸ್ತಾದ್ ಒಂದೊಂದನ್ನೂ ಓದಿ ಬೀಕಾಮನಿಗೆ ಹಿಂದಿಯಲ್ಲಿ ಹೇಳಿದರು. ಬೀಕಾಂ ಕುರ್ಚಿ ಎಳೆದುಕೊಂಡು ಕೂತಿದ್ದ.

ನಾನು ಅನ್ನ ಹಿಡಿದು ಹೋದವನು ಕೇಳಿದೆ: "ಉಸ್ತಾದ್, ಇವರಲ್ಲಿ ಕೆಲಸ ಕಲಿಯುವವನು ಮೊಣಕಾಲೂರಿ ಚಹಾ ಕೊಡುತ್ತಾನಾ, ಕೇಳಿ."

ಉಸ್ತಾದ್ ನನ್ನನ್ನು ನೋಡಿ, ನಿಧಾನವಾಗಿ ಬರೆದರು. ಮೂವರೂ ಓದಿದರು. ಅವರಲ್ಲಿ ದೊಡ್ಡವನು ನಕ್ಕು ಕೈಯಾಡಿಸಿದ. ಅದೆಲ್ಲ ಹಳೇ ಕಾಲದ್ದು, ನಮ್ಮಲ್ಲಿ ಈಗ ಇಲ್ಲ ಎಂದು ಬರೆದ. ಉಸ್ತಾದ್ ಓದಿ ಹೇಳಿದರು, ಮುಚ್ಚಿಡಲಿಲ್ಲ.

"ನೋಡಿ ಉಸ್ತಾದ್, ಚೀನಾದಲ್ಲೇ ಇಲ್ಲವಂತೆ!" ಎಂದೆ. ಮಾತು ಅವರಿಗೆ, ಕಣ್ಣು ಬೀಕಾಮನ ಮೇಲೆ.

"ನಾನೇನು ಚೀನಾ ನೋಡಿದ್ದೇನಾ?" ಎಂದರು ಉಸ್ತಾದ್. "ನಾನು ನೋಡಿದ್ದು ನನ್ನಪ್ಪನನ್ನು."

ಅಷ್ಟು ಹೇಳಿ ಅವರು ಏಪ್ರನ್ ಕಟ್ಟಿಕೊಂಡು ಒಳಗೆ ಹೋದರು. ಆ ಮೂವರಿಗೆ ತಾವೇ ಬೇಯಿಸಿ ಬಡಿಸಿದರು. ಆದರೆ ಪಾಠ ಅಲ್ಲಿಗೆ ನಿಂತಿತು. ಆಮೇಲೆ ಬಂದ ಹೊಸಬರಿಗೆ ಬೀಕಾಮನೇ ಹೇಳಿಕೊಟ್ಟ. ಗೆದ್ದೆ ಅಂದುಕೊಂಡಿದ್ದ ನಾನು, ಮಧ್ಯಾಹ್ನ ನಾಲ್ಕರ ಹೊತ್ತಿಗೆ ಖಾಲಿ ಮೇಜು ನೋಡಲಾಗದೆ ಮತ್ತೆ ಮೇಲೆ ಹೋಗಿ ಮಲಗತೊಡಗಿದೆ.

ಚಳಿಗಾಲಕ್ಕೆ ಉಸ್ತಾದ್ ಹೊರಡುವ ಸುದ್ದಿ ಬಂತು. ಕೆನಡಾದಲ್ಲಿ ಅವರ ತಮ್ಮ ಇದ್ದ, ಕಾಗದಪತ್ರ ಸರಿಯಾಗಿತ್ತು. ಹೊರಡಲು ಎರಡು ವಾರ ಇರುವಾಗ, ಒಂದು ಮಧ್ಯಾಹ್ನ, ಅಡುಗೆಮನೆಯಲ್ಲಿ ಯಾರೂ ಇಲ್ಲದ್ದು ನೋಡಿ ನೀರು ಕಾಯಿಸಿದೆ. ಎಲೆ ಹಾಕಿದೆ. ಕಪ್ಪನ್ನು ಬಿಸಿನೀರಲ್ಲಿ ತೊಳೆದೆ. ಬೊಂಬಾಯಿಯಲ್ಲಿ ಚಹಾದ ಬುಟ್ಟಿ ಕೆಳಗಿಟ್ಟ ಹದಿಮೂರು ವರ್ಷದ ಮೇಲೆ ಮೊದಲ ಸಲ ಇನ್ನೊಬ್ಬರಿಗೆಂದು ಚಹಾ ಬಸಿದು, ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದೆ. ಉಸ್ತಾದರ ರೂಮಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಬೀಕಾಮನ ನಗು ಕೇಳಿಸಿತು. ಉಸ್ತಾದರೂ ನಗುತ್ತಿದ್ದರು. ಪೆಟ್ಟಿಗೆ ಕಟ್ಟುತ್ತಿದ್ದರೆಂದು ಕಾಣುತ್ತದೆ.

ತಳ್ಳಿದ್ದರೆ ಬಾಗಿಲು ತೆರೆದುಕೊಳ್ಳುತ್ತಿತ್ತು. ಅವನ ಮುಂದೆ ಮೊಣಕಾಲೂರಬೇಕು... ಅವನು ನೋಡುತ್ತಾನೆ... "ಬನ್ನಿ ಅಣ್ಣಾ" ಎನ್ನುತ್ತಾನೆ, ಆ ಒಳ್ಳೆಯ ಮುಖ ಇಟ್ಟುಕೊಂಡು. ನನ್ನಿಂದ ಆಗಲಿಲ್ಲ. ಮೆಟ್ಟಿಲ ಮೇಲೆ ಕೂತು ಆ ಚಹಾ ನಾನೇ ಕುಡಿದೆ. ಆರಿತ್ತು.

ಹೊರಡುವ ದಿನ ಉಸ್ತಾದ್ ಎಲ್ಲರ ಕೈ ಹಿಡಿದರು. ನನ್ನ ಕೈಯನ್ನು ಹಿಡಿದು, ಮಣಿಕಟ್ಟು ಹೊರಳಿಸಿ ನೋಡಿ, "ಅಚ್ಛಾ ಹಾಥ್ ಹೈ" ಎಂದರು. ಒಳ್ಳೆಯ ಕೈ. "ಜಾಗ್ರತೆ ಉಸ್ತಾದ್, ಅಲ್ಲಿ ಚಳಿ" ಎಂದೆ.

ಮಾರನೆಯ ದಿನ ಕಫೀಲ್ ನನ್ನನ್ನು ಕರೆದು, ಇನ್ನು ಅಡುಗೆಮನೆ ನಿನ್ನದು ಎಂದ. ನನಗೆ ನಂಬಿಕೆ ಬರಲಿಲ್ಲ. "ಬೀಕಾಂ?" ಎಂದೆ. "ನಿಮ್ಮ ಉಸ್ತಾದೇ ಹೇಳಿ ಹೋದ, ಬೆಂಕಿ ಆಳುವವನು ನೀನು ಅಂತ. ಖಲಾಸ್" ಎಂದ ಕಫೀಲ್. ಅಲ್ಲಿಗೆ ಉಸ್ತಾದರ ಭಟ್ಟಿ ನನಗೆ ಬಂತು, ಅವರ ಬಾಣಲೆ ಬಂತು, ಅವರು ನಿಲ್ಲುತ್ತಿದ್ದ ಮಣೆ ಬಂತು. ಖುಷಿಪಡಬೇಕಿತ್ತು. ಅವತ್ತು ಇಪ್ಪತ್ತು ಆರ್ಡರ್ ನಾನೇ ಬೇಯಿಸಿದೆ. ಒಂದಕ್ಕೆ ಉಪ್ಪು ಹಾಕಲು ಮರೆತೆ; ಕಸುಬಿನಲ್ಲಿ ನನಗೆ ಹಾಗೆ ಆದದ್ದು ಅದೊಂದೇ ಸಲ.

ಕೆನಡಾದಿಂದ ಬೀಕಾಮನಿಗೆ ಕಾಗದ ಬರುತ್ತಿತ್ತು, ಮುರುಕು ಇಂಗ್ಲಿಷಿನಲ್ಲಿ. ಅವನು ಓದಿ ಹೇಳಲು ನನ್ನ ಹತ್ತಿರ ಬರುತ್ತಿದ್ದ. "ಅಣ್ಣಾ, ನಿಮ್ಮನ್ನೂ ಕೇಳಿದ್ದಾರೆ" ಎನ್ನುತ್ತಿದ್ದ. ನಾನು ಎಕ್ಸಾಸ್ಟ್ ಫ್ಯಾನಿನ ಸದ್ದಿಗೆ ಕೇಳದವನ ಹಾಗೆ, "ಆಮೇಲೆ, ಆಮೇಲೆ" ಎನ್ನುತ್ತಿದ್ದೆ. ಏನು ಕೇಳಿದ್ದರು ಎಂದು ಒಂದು ಸಲವೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ತೊಂಬತ್ತರಲ್ಲಿ ಇರಾಕಿನ ಸೈನ್ಯ ಬಂದಾಗ ಹೋಟೆಲು ಹೋಯಿತು, ನಾವು ಉಟ್ಟ ಬಟ್ಟೆಯಲ್ಲಿ ಚೆದುರಿದೆವು. ಉಸ್ತಾದ್ ತೀರಿಕೊಂಡದ್ದು ನನಗೆ ಗೊತ್ತಾದದ್ದೂ ಬೀಕಾಮನಿಂದಲೇ, ಎಷ್ಟೋ ವರ್ಷಗಳ ಮೇಲೆ, ಫೋನಿನಲ್ಲಿ. ಅವನು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಿದ್ದನಂತೆ. ಶಿಷ್ಯ ಕಟ್ಟಬೇಕಂತೆ. ಅಷ್ಟರಲ್ಲಿ ನಾನು ಊರಿನಲ್ಲಿ ನನ್ನದೇ ಹೋಟೆಲು ಇಟ್ಟಿದ್ದೆ, ಆ ದಿನ ಅದನ್ನು ಮುಚ್ಚಬೇಕೆಂದುಕೊಂಡೆ. ಯಾರು ಸತ್ತದ್ದು ಎಂದು ಯಾರಾದರೂ ಕೇ‍ಳಿದರೆ ಏನೆನ್ನುವುದು? ನನ್ನ ಗುರು ಎನ್ನಲು ನನಗೆ ಹಕ್ಕಿಲ್ಲ. ಜೊತೆಗೆ ಕೆಲಸ ಮಾಡಿದವರು ಎಂದರೆ ಅದಕ್ಕೆ ಯಾರೂ ಹೋಟೆಲು ಮುಚ್ಚುವುದಿಲ್ಲ. ತೆರೆದೇ ಇಟ್ಟೆ.

ಮಗಳು ತಂದ ಡಬ್ಬಿಯ ವಾಸನೆ ಮೂಸಿದ ಮೇಲೆ ಮೂರು ವಾರ ಯೋಚಿಸಿ, ಮೊನ್ನೆ ಭಾನುವಾರ ಬೀಕಾಮನಿಗೆ ಫೋನು ಮಾಡಿದೆ. ಅವನೂ ಮುದುಕನಾಗಿದ್ದಾನೆ, ಗೋವಾದಲ್ಲಿ ಮಗನ ಜೊತೆ ಇದ್ದಾನೆ. ಅಡುಗೆ ಕಸುಬು ಬಿಟ್ಟು ಬಹಳ ವರ್ಷವಾಯಿತಂತೆ. ಬಿಟ್ಟನಂತೆ! ಅಷ್ಟು ಸಿಕ್ಕಿಯೂ ಬಿಟ್ಟ. ನನಗೆ ಕೋಪವೂ ಬಂತು, ಅಳುವೂ ಬಂತು. ಎಂತ ಅಣ್ಣಾ ಇಷ್ಟು ವರ್ಷದ ಮೇಲೆ ಎಂದ. ಒಂದು ವಿಷಯ ಕೇಳುವುದಿತ್ತು ಎಂದು, ಉಸ್ತಾದರ ಕಾಗದಗಳು ಇನ್ನೂ ಇವೆಯಾ ಎಂದಷ್ಟೇ ಕೇಳಿದೆ, ಅವುಗಳಲ್ಲಿ ನನ್ನ ಬಗ್ಗೆ ಏನಿತ್ತು ಎಂದು ಕೇಳದೆ ಇಟ್ಟುಬಿಟ್ಟೆ.

ನನ್ನ ಹತ್ತಿರ ಈಗ ಇರುವುದು ಇಷ್ಟು. ಹೆದ್ದಾರಿಯ ಬದಿಗೆ ಒಂದು ಹೋಟೆಲು, ಒಂಬತ್ತು ಮೇಜು. ಒಬ್ಬಳು ಹೆಂಡತಿ, ಇಬ್ಬರು ಮಕ್ಕಳು, ಮೂವರು ಮೊಮ್ಮಕ್ಕಳು. ಕೆಲಸದವರು ಏಳು. ಉಸ್ತಾದರನ್ನು ನೋಡಿ ಕಲಿತ ಅಡುಗೆ ಇಪ್ಪತ್ತಾರು, ಒಂದೂ ಮರೆತಿಲ್ಲ. ಉಸ್ತಾದರ ಫೋಟೋ ಇಲ್ಲ. ಅವರ ಕೈಬರಹದ ಕಾಗದ ಒಂದೂ ಇಲ್ಲ. ಬೀಕಾಮನ ಬಳಿ ಹನ್ನೊಂದಿವೆಯಂತೆ.